ತಡಬೆ ದಾಟಿದವರ ಲೆಕ್ಕ

ಅವರ ಬಿಳಿ ಸೀರೆಯ ಅಂಚು ಒಂದು ಗೇಣಿನಷ್ಟು ಯಾವಾಗಲೂ ಕೆಂಪಗಿರುತ್ತಿತ್ತು. ಎಷ್ಟು ಒಗೆದರೂ ಬಿಡದ, ನಮ್ಮ ಕಡೆಯ ಮಣ್ಣಿನ ಕೆಂಪು. ಬೇಸಿಗೆಯಲ್ಲಿ ಕಾವಿ ಬಳಿದ ಹಾಗೆ ತೆಳುವಾಗಿರುತ್ತಿತ್ತು. ಮಳೆಗಾಲದಲ್ಲಿ ಮೊಣಕಾಲಿನವರೆಗೆ ಏರಿ, ಒಣಗಿ, ಬಿರುಕು ಬಿಡುತ್ತಿತ್ತು. ಅದನ್ನು ನೋಡಿಯೇ ಅವರು ಅಂದು ಹೇಗೆ ಬಂದರು ಎಂದು ನಾನು ಹೇಳಬಲ್ಲವಳಾಗಿದ್ದೆ. ಸುತ್ತಲೂ ಒಂದೇ ಸಮ ಕೆಂಪಿದ್ದರೆ ಗದ್ದೆಯ ಬದುವಿನಲ್ಲಿ ನಡೆದು ಬಂದಿದ್ದಾರೆ. ಬಲಗಡೆ ಮಾತ್ರ ಸೊಂಟದವರೆಗೆ ಸಿಡಿದಿದ್ದರೆ ದಾರಿಯಲ್ಲಿ ಮರದ ಲಾರಿ ಸಿಕ್ಕಿದೆ. ಎರಡೂ ಕಡೆ ಕೆಸರಿದ್ದರೆ, ಲಾರಿಗೆ ಹೆದರಿ ಸೈಕಲ್ಲಿನ ಸಮೇತ ಚರಂಡಿಗೆ ಇಳಿದಿದ್ದಾರೆ.

ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ, ನನ್ನ ಡೈರಿಯಲ್ಲೂ ಹಾಗೆಯೇ ಬರೆದೆ. ಶನಿವಾರಸಂತೆಯಲ್ಲಿ ಹೆರಿಗೆಯವರಿಗೆಂದು ಸರ್ಕಾರ ಇಟ್ಟಿದ್ದ ಒಂದೇ ಕೋಣೆಯ ಕೇಂದ್ರಕ್ಕೆ ಅವರು ನರ್ಸು, ಆಯಾ, ಕಾವಲು ಎಲ್ಲವೂ ಆಗಿದ್ದರು. ಮಂಗಳೂರಿನ ಕಡೆಯವರು. ನಲವತ್ತು ದಾಟಿತ್ತು. ಹಿಂದೆ ಮುಂದೆ ಯಾರೂ ಇದ್ದಂತಿರಲಿಲ್ಲ. ಅವರು ಕೇಳಿದವರಿಗೆ ಹೇಳುತ್ತಿರಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಕೇರಿ ಆ ಪೇಟೆಯಿಂದ ಎರಡೂವರೆ ಮೈಲಿ. ನಡುವೆ ಒಂದು ಗುಡ್ಡ, ಗುಡ್ಡದ ತುಂಬ ಕಾಫಿ ತೋಟ. ರಸ್ತೆ ಆ ಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ. ತೋಟದೊಳಗಿನ ಕಾಲುದಾರಿ ಅದನ್ನು ಸೀಳಿಕೊಂಡು ಹೋಗುತ್ತಿತ್ತು. ಆ ದಾರಿಯಲ್ಲಿ ಪೇಟೆಗೆ ಒಂದೇ ಮೈಲಿ. ಕಾಲುದಾರಿಯ ಎರಡು ತುದಿಗೂ ಬೇಲಿಯಲ್ಲಿ ತಡಬೆ ಇತ್ತು; ದನ ನುಗ್ಗದ ಹಾಗೆ, ಮನುಷ್ಯರು ಕಾಲೆತ್ತಿ ದಾಟುವ ಹಾಗೆ ನೆಟ್ಟ ಕವೆಗೋಲು. ನನ್ನ ತಂದೆ ಆ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣು ಕೊಯ್ಲಿನ ಬುಟ್ಟಿಗಳ ಲೆಕ್ಕ ಎಲ್ಲ ಅವರ ಕೈಯಲ್ಲಿ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ನನಗೆ ಅಕ್ಷರಕ್ಕಿಂತ ಮೊದಲು ಬಂದದ್ದು ಆ ಗೆರೆಗಳು. ಎಸ್.ಎಸ್.ಎಲ್.ಸಿ. ಮುಗಿಸಿ, ಟೀಚರ್ ಟ್ರೈನಿಂಗಿನ ಕರೆಗೆ ಕಾಯುತ್ತ ಮನೆಯಲ್ಲಿದ್ದ ಎರಡು ವರ್ಷ ನಾನು ಎಲ್ಲವನ್ನೂ ಎಣಿಸಿ ಬರೆದಿಟ್ಟಿದ್ದೇನೆ. ಮಳೆ ಬಿದ್ದ ದಿನ, ಬಸ್ಸು ತಡವಾದ ದಿನ, ಕೇರಿಯಲ್ಲಿ ಹುಟ್ಟಿದ್ದು, ಸತ್ತದ್ದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನಮ್ಮ ಗಾಡಿರಸ್ತೆಗೆ ಟಾರು ಬಿತ್ತು. ಟಾರು ಬೀಳುವಾಗ ನಾವೆಲ್ಲ ನಿಂತು ನೋಡಿ ಸಂತೋಷಪಟ್ಟೆವು. ಆಮೇಲೆ ಗೊತ್ತಾಯಿತು, ರಸ್ತೆಯನ್ನು ಎತ್ತರಿಸಿ ಎರಡೂ ಕಡೆ ಆಳವಾದ ಚರಂಡಿ ತೋಡಿದ್ದರು. ನಡೆಯುವವರಿಗೆ ಅಂಚೇ ಉಳಿದಿರಲಿಲ್ಲ. ಮೊದಲು ಗಾಡಿ ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆವು. ಈಗ ಲಾರಿ ಬಂದರೆ ಸರಿಯಲು ಜಾಗವಿಲ್ಲ, ಹಾರಬೇಕು. ಮೊದಲ ಮಳೆಗಾಲದಲ್ಲೇ ಮೂವರು ಚರಂಡಿಗೆ ಬಿದ್ದರು. ಒಬ್ಬ ಮುದುಕ ಮತ್ತೆ ಏಳಲಿಲ್ಲ. ಬಸ್ಸು ಬರುತ್ತಿತ್ತು, ಆದರೆ ನಮ್ಮ ಕೇರಿಯ ಬಳಿ ನಿಲ್ಲುತ್ತಿರಲಿಲ್ಲ.

ನರ್ಸಮ್ಮ ದೂರವನ್ನು ಮೈಲಿಯಲ್ಲಿ ಹೇಳುತ್ತಿರಲಿಲ್ಲ, ನೋವಿನಲ್ಲಿ ಹೇಳುತ್ತಿದ್ದರು. ಹೆರಿಗೆಯ ನೋವು ಒಂದು ಬಂದು ಇನ್ನೊಂದು ಬರುವುದರೊಳಗೆ ಎಷ್ಟು ದೂರ ನಡೆಯಬಹುದೋ ಅದು ಅವರ ಅಳತೆ. "ನಿಮ್ಮ ಕೇರಿ ರಸ್ತೆಯಲ್ಲಿ ಹತ್ತು ನೋವು ದೂರ ಉಂಟು. ತೋಟದಲ್ಲಿ ಬಂದರೆ ನಾಲ್ಕೇ," ಎನ್ನುತ್ತಿದ್ದರು. ಸೈಕಲ್ಲಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಬಲೆ ಕಟ್ಟಿಸಿದ್ದರು. ನಮ್ಮ ಕಡೆ ಹೆಂಗಸೊಬ್ಬಳು ಸೈಕಲ್ ತುಳಿದದ್ದನ್ನು ನಾವು ಮೊದಲು ನೋಡಿದ್ದೇ ಆಗ. ಗಂಡಸರು ಮೊದಮೊದಲು ನಗುತ್ತಿದ್ದರು. ತಮ್ಮ ಮನೆಯಲ್ಲಿ ನೋವು ಶುರುವಾದಾಗ ಆ ಸೈಕಲ್ಲಿಗಾಗಿಯೇ ದಾರಿ ಕಾಯುತ್ತಿದ್ದರು. ಕೇರಿಗೆ ಬರುವ ಕೊನೆಯ ತಿರುವಿನಿಂದಲೇ ಅವರು ಬೆಲ್ ಬಾರಿಸಲು ತೊಡಗುತ್ತಿದ್ದರು. ಏರಿನಲ್ಲಿ ಇಳಿದು ಸೈಕಲ್ ತಳ್ಳುವಾಗಲೂ ನಿಲ್ಲಿಸುತ್ತಿರಲಿಲ್ಲ. ಯಾರೂ ಎದುರಿಲ್ಲದಿರುವಾಗ ಯಾಕೆ ಎಂದು ಒಮ್ಮೆ ಕೇಳಿದೆ.

"ಎದುರು ಇರುವವರಿಗಲ್ಲ ಮಾರಾಯ್ತಿ. ಒಳಗೆ ಮಲಗಿದವಳಿಗೆ ಕೇಳಲಿ ಅಂತ. ನಾನು ಬಂದೆ ಅಂತ ಗೊತ್ತಾದರೆ ಅವಳಿಗೆ ಅರ್ಧ ಧೈರ್ಯ ಬರ್ತದೆ."

ಮನೆಗೆ ಬಂದವರು ಎರಡು ಸಲ ಕೈ ತೊಳೆಯದೆ ಏನನ್ನೂ ಮುಟ್ಟುತ್ತಿರಲಿಲ್ಲ. ಹೊಸ್ತಿಲಲ್ಲಿ ಕೈ ಹಿಸುಕಿಕೊಂಡು ನಿಂತ ಗಂಡನಿಗೆ, "ನೀನು ಇಲ್ಲಿ ನಿಂತರೆ ಮಗು ನಾಚಿಕೊಳ್ತದೆ, ಹೋಗಿ ಸೌದೆ ಒಡೆ," ಎನ್ನುತ್ತಿದ್ದರು. ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದ ದಿನದ ಸೌದೆ ರಾಶಿಯ ಕಥೆ ಇದೆ.

ಬಸ್ಸು ನಿಲ್ಲಿಸಿದ್ದು ಅವರೇ. ಯಾರ ಕಾಲಿಗೂ ಬೀಳದೆ, ಅರ್ಜಿ ಬರೆಯದೆ. ಪ್ರತಿ ಶನಿವಾರ ಸಂತೆಗೆ ಹೊರಟ ಹೆಂಗಸರೆಲ್ಲ ಕೇರಿಯೆದುರಿನ ಹಲಸಿನ ಮರದ ಕೆಳಗೆ ಸಾಲಾಗಿ ನಿಂತು ಒಟ್ಟಿಗೆ ಕೈ ಎತ್ತಬೇಕು, ಬಸ್ಸು ಹೋದ ಮೇಲೆಯೇ ಇಳಿಸಬೇಕು ಎಂದು ಹೇಳಿಕೊಟ್ಟರು. ಮೊದಲ ಶನಿವಾರ ಹನ್ನೊಂದು ಕೈ. ಕಂಡಕ್ಟರ್ ಬಾಗಿಲಿನಿಂದ ಬಾಗಿ, "ಏನ್ರವ್ವಾ, ನಂಗೆ ಆರತಿ ಎತ್ತಕ್ ನಿಂತಿದ್ದೀರಾ?" ಎಂದು ಕೂಗಿ ನಗುತ್ತ ಹೋದ.

"ತಟ್ಟೆ ತಂದಿಲ್ಲ ಕಣಪ್ಪ, ನಿಲ್ಸು, ತತ್ತೀವಿ!" ಎಂದು ಯಾರೋ ಹಿಂದಿನಿಂದ ಕೂಗಿದರು.

ಎರಡನೇ ಶನಿವಾರ ಹದಿನೆಂಟು. ಮೂರನೆಯದಕ್ಕೆ ಮೂವತ್ತೊಂದು, ಅದರಲ್ಲಿ ನಾಲ್ವರು ಗಂಡಸರು. ಐದನೇ ಶನಿವಾರ ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲು ತೆಗೆದ. ಅಂದು ನರ್ಸಮ್ಮ ಬಸ್ಸು ಹತ್ತಲಿಲ್ಲ. ಸೈಕಲ್ಲಿನ ಮೇಲೆ ಒಂದು ಕಾಲಿಟ್ಟುಕೊಂಡು ಎಲ್ಲರೂ ಹತ್ತುವವರೆಗೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಇನ್ನು ಕಾಲಿಗೆ ಜಾಗ ಬೇಕು. ಮೂರು ಅಡಿ ಅಗಲದ್ದು, ಕೇರಿಯಿಂದ ಪೇಟೆವರೆಗೆ, ರಸ್ತೆಯ ಒಂದು ಬದಿ. ನಡೆಯುವವರಿಗೆ, ಸೈಕಲ್ಲಿಗೆ. ಅದು ಕೈ ಎತ್ತಿದರೆ ಆಗುವುದಿಲ್ಲ. ಅದಕ್ಕೆ ಕಾಗದ ಬೇಕು."

ಅವರು ಸರ್ಕಾರಿ ನೌಕರರು, ಅರ್ಜಿಗೆ ಅವರ ಕೈ ತಾಗಬಾರದು. ಅರ್ಜಿ ಕೇರಿಯದು, ಬರೆಯುವ ಕೈ ನನ್ನದು ಎಂದಾಯಿತು. ಎಷ್ಟು ಜನ ನಡೆಯುತ್ತಾರೆ ಎಂದು ತೋರಿಸದೆ ಕಚೇರಿಯವರು ನಂಬುವುದಿಲ್ಲ ಎಂದು, ಸೋಮವಾರದಿಂದ ಶನಿವಾರದವರೆಗೆ ಮೋರಿಯ ಕಟ್ಟೆಯ ಮೇಲೆ ಕೂತು ಎಣಿಸಲು ನನಗೆ ಹೇಳಿದರು. ಆಗ ಅವರು ಹೇಳಿದ ಇನ್ನೊಂದು ಮಾತನ್ನು ನಾನು ಅದೇ ದಿನ ಡೈರಿಯಲ್ಲಿ ಬರೆದುಕೊಂಡಿದ್ದೇನೆ.

"ರಸ್ತೆಯ ಮೇಲೆ ಹೋಗುವವರನ್ನು ಮಾತ್ರ ಎಣಿಸು, ಆಯ್ತಾ? ಬೇರೆ ಕಡೆ ಕಣ್ಣು ಹಾಕಬೇಡ."

ಅದು ಹಣ್ಣು ಕೊಯ್ಲಿನ ಕಾಲ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕಟ್ಟೆಯ ಮೇಲೆ ಕೂತೆ. ವಯಸ್ಸಿಗೆ ಬಂದ ಹುಡುಗಿ ರಸ್ತೆ ಬದಿ ಪುಸ್ತಕ ಹಿಡಿದು ಕೂತರೆ ಜನ ಸುಮ್ಮನೆ ಹೋಗುತ್ತಾರೆಯೇ? "ರೈಟರ್ ಮಗಳು ರಸ್ತೆಗೂ ಹಾಜ್ರಿ ಹಾಕ್ತಾವ್ಳೆ," ಎಂದರು. "ಅಮ್ಮಣ್ಣಿ, ನಂದು ಎಷ್ಟನೇ ತಲೆ? ಕೂದ್ಲಿಲ್ಲ ಅಂತ ಬಿಟ್ಟ್ಬುಟ್ಟೀಯಾ," ಎಂದು ಬೋಳುತಲೆಯ ಮುದುಕರೊಬ್ಬರು ಕೇಳಿದರು. ತೋಟಕ್ಕೆ ದಿನಗೂಲಿಗೆ ಹೋಗುತ್ತಿದ್ದ ನಮ್ಮ ಕೇರಿಯ ಚೆನ್ನಿ, ಪೇಟೆಯಿಂದ ಬರುವಾಗ ನನ್ನ ಮುಂದೆ ನಿಂತು ಪುಸ್ತಕದೊಳಗೆ ಇಣುಕಿದಳು.

"ಯಾವ್ದು ನನ್ ಗೆರೆ?"

ತೋರಿಸಿದೆ.

"ಒಂದೇಯಾ? ನಂಗೆ ನಾಕ್ ತಿಂಗ್ಳು. ಇಬ್ರು ನಡ್ಕೊಂಡ್ ಬಂದಿದ್ದೀವಿ. ಎರ್ಡು ಎಳಿ."

ಮದುವೆಯಾಗಿ ಏಳು ವರ್ಷದ ಮೇಲೆ ಆಕೆಗೆ ನಿಂತ ಮೊದಲ ಬಸಿರು. ನಾನು ಸಂಜೆ ನರ್ಸಮ್ಮನವರನ್ನು ಕೇಳಿದೆ, ಬಸುರಿಯನ್ನು ಒಂದು ಎಂದು ಬರೆಯಬೇಕೋ ಎರಡು ಎಂದೋ. ಅವರು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಕ್ಕರು. "ಎರಡು ಬರಿ. ಕಚೇರಿಯವರು ಕೇಳಿದರೆ ನಾನು ಬಂದು ಪರೀಕ್ಷೆ ಮಾಡಿ ಹೇಳ್ತೇನೆ." ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರು ದಿನ ಎಣಿಸಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ದಿನಕ್ಕೆ ತೊಂಬತ್ತು ಚಿಲ್ಲರೆ ಗೆರೆ. ಕೇರಿಯಿಂದ ಪೇಟೆಗೆ ಹೋಗುವವರು ಅದಕ್ಕಿಂತ ಹೆಚ್ಚು ಎಂದು ನನಗೆ ಗೊತ್ತಿತ್ತು. ಉಳಿದವರು ತಡಬೆ ದಾಟಿ ತೋಟದೊಳಗೆ ಹೋಗುತ್ತಿದ್ದರು. ತೊಂಬತ್ತು ಎಂದರೆ ಕಚೇರಿಯವರಿಗೆ ಏನನ್ನಿಸೀತು? ಅರ್ಧ ಲೆಕ್ಕ ಲೆಕ್ಕವೇ ಅಲ್ಲ ಎಂದು ನನಗೆ ಕಲಿಸಿದವರು ನನ್ನ ತಂದೆ. ಹಾಗಾಗಿ ಕೊನೆಯ ಮೂರು ದಿನ ರಸ್ತೆ ಮತ್ತು ತಡಬೆ ಎರಡೂ ಕಾಣುವ ದಿಬ್ಬದ ಮೇಲೆ ಕೂತು, ಹಾಳೆಯಲ್ಲಿ ಎರಡು ಕಲಂ ಎಳೆದೆ. ಒಂದು ರಸ್ತೆ, ಇನ್ನೊಂದು ತೋಟದ ದಾರಿ. ಎರಡನೇ ಕಲಂ ಬೇಗ ತುಂಬಿತು.

ರಾಗಿ ರೊಟ್ಟಿ ತಿನ್ನುತ್ತ ಕೂತಿದ್ದ ತಂದೆ ಆ ಹಾಳೆಯನ್ನು ನೋಡಿದರು. ಅವರು ಕೈ ತೊಳೆಯದೆ ಎದ್ದದ್ದು ನನಗೆ ನೆನಪಿದೆ.

"ಆ ಎರಡನೇದನ್ನ ಬರೀಬೇಡ."

"ಯಾಕಪ್ಪಾ? ನಿಜ ತಾನೆ?"

"ನಿಜಾನೇ ಕಣೆ. ನಮ್ಮಜ್ಜನ ಕಾಲದಿಂದ ಜನ ದಾಟ್ತಾವ್ರೆ. ಧಣಿಗಳು ನೋಡಿಲ್ಲ ಅಂತ ನಾನು, ನಾನು ಹೇಳಿಲ್ಲ ಅಂತ ಧಣಿಗಳು. ಹಂಗೇ ನಡ್ಕೊಂಡ್ ಬಂದದೆ. ಅದು ಬಾಯಲ್ಲೇ ಇರಬೇಕಾದ ದಾರಿ. ಕಾಗದಕ್ಕೆ ಬಂದ್ರೆ ಧಣಿಗಳು ಉತ್ರ ಬರೀಬೇಕಾಯ್ತದೆ."

ನಾನು ಸರಿ ಎಂದೆ. ರಸ್ತೆಯ ಕಲಂ ಒಂದನ್ನೇ ಬೇರೆ ಹಾಳೆಯಲ್ಲಿ ಬರೆದೂ ಇಟ್ಟೆ. ಆದರೆ ಮುಂದಿನ ಶನಿವಾರ ಪೇಟೆಗೆ ರಸ್ತೆ ಕಚೇರಿಯ ಸಾಹೇಬರು ಬರುವವರಿದ್ದರು, ಅರ್ಜಿಯನ್ನು ಅಂದೇ ಕೊಡಬೇಕಿತ್ತು. ನರ್ಸಮ್ಮ ಎರಡು ದಿನದಿಂದ ದೂರದ ಒಂದು ಊರಿನಲ್ಲಿ ಕಷ್ಟದ ಹೆರಿಗೆಯೊಂದರ ಬಳಿ ಸಿಕ್ಕಿಬಿದ್ದಿದ್ದರು. ಅರ್ಜಿಯನ್ನು ಶುದ್ಧ ಪ್ರತಿ ಮಾಡಿದವಳು ನಾನೊಬ್ಬಳೇ. ಒಂದು ಕಲಂ ಇದ್ದ ಹಾಳೆ ಬಡವಾಗಿ ಕಂಡಿತು. ಎರಡು ಕಲಂ ಇದ್ದದ್ದು, ಕೆಳಗೆ ಅಡ್ಡಗೆರೆ ಎಳೆದು ಮೊತ್ತ ಹಾಕಿದ್ದು, ಅಚ್ಚು ಹಾಕಿದ ಹಾಗೆ ಕಾಣುತ್ತಿತ್ತು. ಅದನ್ನೇ ಅರ್ಜಿಗೆ ಸೇರಿಸಿದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದರೆ ಚೆನ್ನಾಗಿತ್ತು. ಸಾಹೇಬರು ಹಾಳೆಯನ್ನು ತಿರುಗಿಸಿ ನೋಡಿ, "ಯಾರಮ್ಮ ಬರೆದದ್ದು? ಮುದ್ದಾದ ಅಕ್ಷರ," ಎಂದಾಗ ನಾನು ಹಿಗ್ಗಿದೆ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಒಮ್ಮೆ ಜೀಪಿನಲ್ಲಿ ಓವರ್‌ಸಿಯರ್ ಬಂದು ತೋಟದ ಎರಡು ತಡಬೆಗಳನ್ನು ನೋಡಿಕೊಂಡು ಹೋದರು. ರಸ್ತೆಯನ್ನು ನೋಡಲಿಲ್ಲ. ಮೇ ತಿಂಗಳ ಕೊನೆಗೆ ಕೇರಿಯ ಯಜಮಾನರ ಹೆಸರಿಗೆ ಕಾಗದ ಬಂತು. ಅವರು ಅದನ್ನು ನನ್ನಲ್ಲಿಗೇ ಓದಿಸಲು ತಂದರು. ಅರ್ಜಿಯ ಲೆಕ್ಕದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನರಿಗೆ ಹತ್ತಿರದ ಬೇರೆ ದಾರಿ ಇರುವುದರಿಂದ ರಸ್ತೆಯ ಬದಿಯಲ್ಲಿ ಕಾಲುದಾರಿಯ ಅಗತ್ಯ ಕಾಣುವುದಿಲ್ಲ ಎಂದು ಅದರಲ್ಲಿತ್ತು. ಕಾಗದದ ಒಂದು ಪ್ರತಿ ತೋಟದ ಮಾಲೀಕರಿಗೂ ಹೋಗಿತ್ತು. ಇದು ಸಾರ್ವಜನಿಕ ದಾರಿಯೇ ಎಂದು ಅವರನ್ನು ಕೇಳಿದ್ದರು. ಹೌದೆಂದರೆ ಎಂದೆಂದಿಗೂ ಹೌದಾಗಿಬಿಡುತ್ತದೆ ಎಂದು ಮಾಲೀಕರು ಹೆದರಿದರು. ಅಲ್ಲ ಎಂದು ಬರೆದರು. ಬರೆದ ಮೇಲೆ ಅಲ್ಲ ಎಂದು ತೋರಿಸಲೂ ಬೇಕಲ್ಲ.

ಜೂನ್ ಮೊದಲ ವಾರ, ಎರಡು ತುದಿಯ ತಡಬೆ ಕಿತ್ತು ಆರು ಎಳೆ ಮುಳ್ಳುತಂತಿ ಬಿಗಿದರು. ನಿಂತು ಬಿಗಿಸಿದವರು ನನ್ನ ತಂದೆ. ನಾನು ಹೋಗಿ ನೋಡಿದೆ. ಅವರು ನನ್ನ ಕಡೆ ತಿರುಗದೆ, ಸುತ್ತಿಗೆಯವನಿಗೆ, "ಇನ್ನೂ ಬಿಗಿ," ಎಂದರು.

ಕೇರಿ ಕುದಿಯಿತು. ಶಾಲೆಯ ಜಗುಲಿಯಲ್ಲಿ ಸಭೆ ಸೇರಿತು. ನರ್ಸಮ್ಮನವರೂ ಬಂದು ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಸೀರೆ ಎರಡೂ ಕಡೆ ಕೆಸರಾಗಿತ್ತು. ಯಜಮಾನರು ಕಾಗದವನ್ನು ಎತ್ತಿ ತೋರಿಸಿದರು.

"ನಾವ್ ಹೆಬ್ಬೆಟ್ಟು ಒತ್ತಿದ್ದು ರಸ್ತೆಗೆ. ತೋಟದ ದಾರಿ ವಿಸ್ಯ ಇದ್ರೊಳಗೆ ಹೆಂಗ್ ಬಂತು? ಯಾರ್ ಸೇರ್ಸಿದ್ದು?"

ಎಲ್ಲರೂ ನನ್ನ ಕಡೆ ನೋಡಿದರು. ಬರೆದವಳು ನಾನೆಂದು ಎಲ್ಲರಿಗೂ ಗೊತ್ತಿತ್ತು. ಕೇಳಿದ್ದು, ಬರೆಸಿದವರು ಯಾರು ಎಂದು. ರೈಟರ್ ಮಗಳು ಬೇಕೆಂದೇ ಮಾಡಿದಳು, ಧಣಿಗಳಿಗೆ ದಾರಿ ಮುಚ್ಚಲು ನೆಪ ಬೇಕಿತ್ತು, ಅಪ್ಪ ಮಗಳು ಸೇರಿ ಕೊಟ್ಟರು ಎಂದು ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಹೇಳುತ್ತಿದ್ದರು. ನನ್ನ ತಂದೆ ಬಾಗಿಲ ಬಳಿ ನಿಂತಿದ್ದರು. ಆ ಮಾತು ಅವರಿಗೂ ಕೇಳಿಸಿತು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ.

ನರ್ಸಮ್ಮ ಕಂಬ ಬಿಟ್ಟು ಮುಂದೆ ಬಂದರು.

"ನಾನೇ ಬರೆಸಿದ್ದು. ಜನ ಹೆಚ್ಚು ಕಾಣಲಿ ಅಂತ ಎರಡನ್ನೂ ಹಾಕು ಅಂದೆ. ಹುಡುಗಿ ನಾನು ಹೇಳಿದ್ದನ್ನು ಬರೆದಳು. ಅವಳಿಗೆ ಏನು ಗೊತ್ತಾಗ್ತದೆ?"

ಯಜಮಾನರು, "ನೀವ್ ಹೊರಗಿನವ್ರು. ನಮ್ ದಾರಿ ನಿಮಗೇನ್ ಗೊತ್ತು?" ಎಂದರು. "ಹೆರಿಗೆ ಮಾಡದ್ ಬಿಟ್ಟು ರಸ್ತೆ ಮಾಡಕ್ ಬಂದ್ರಲ್ಲಮ್ಮ," ಎಂದು ಇನ್ನೊಬ್ಬರು. ಸೌದೆ ಒಡೆದ ಗಂಡಸರೇ ಅವರು. ನರ್ಸಮ್ಮ ಹೊರಗೆ ಬಂದು ಸೈಕಲ್ ಎತ್ತಿಕೊಳ್ಳುವಾಗ ನಾನು ಹಿಂದೆ ಓಡಿದೆ. ಅವರು ಪೆಡಲಿನ ಮೇಲೆ ಕಾಲಿಟ್ಟು, "ಮಳೆ ಬರ್ತದೆ, ಮನೆಗೆ ಹೋಗು," ಎಂದರು. ಅಷ್ಟೇ.

ಸರ್ಕಾರಿ ನೌಕರಳು ಜನರನ್ನು ಸೇರಿಸಿ ಅರ್ಜಿ ಬರೆಸಿದಳು ಎಂದು ಆಮೇಲೆ ಮೇಲಿನವರಿಗೆ ದೂರು ಹೋಯಿತು. ಸಾಕ್ಷಿಗೆ ಅವರ ಮಾತೇ ಇತ್ತು. ದೂರು ಬರೆದುಕೊಡು ಎಂದು ಯಜಮಾನರು ನಮ್ಮ ಮನೆಗೇ ಬಂದರು. ತಂದೆ, "ಹುಡ್ಗಿಗೆ ಜ್ವರ," ಎಂದು ಕಳಿಸಿದರು. ಪೇಟೆಯಲ್ಲಿ ಬೇರೆ ಯಾರೋ ಬರೆದರು.

ಜುಲೈ ಮೂರನೇ ವಾರ, ಬುಧವಾರ, ಮಧ್ಯಾಹ್ನ ಒಂದೂವರೆಗೆ ಚೆನ್ನಿಗೆ ನೋವು ಹೆಚ್ಚಾಯಿತು. ಮಗುವಿನ ಕೈ ಮೊದಲು ಕಂಡಿತು. ಕೇರಿಯ ಮುದುಕಿಯರು ಇದು ನಮ್ಮಿಂದಾಗುವುದಿಲ್ಲ ಎಂದರು. ಪೇಟೆಗೆ ಒಬ್ಬನನ್ನು ಓಡಿಸಿ, ಕುರ್ಚಿಗೆ ಬಿದಿರು ಕಟ್ಟಿ ಆಕೆಯನ್ನು ಹೊತ್ತರು. ನಾನು ಕೊಡೆ ಹಿಡಿದು ಜೊತೆಗೆ ಹೋದೆ. ಅಭ್ಯಾಸದಿಂದ ಹೊತ್ತವರ ಕಾಲು ತೋಟದ ಕಡೆಗೇ ತಿರುಗಿತು. ಮುಳ್ಳುತಂತಿಯ ಮುಂದೆ ನಿಂತ ಮೇಲೆ ಎಲ್ಲರಿಗೂ ನೆನಪಾಯಿತು. ಚೆನ್ನಿಯ ಗಂಡ ಕತ್ತಿಯಿಂದ ಕಂಬಕ್ಕೆ ಹೊಡೆಯತೊಡಗಿದ. ಹೊಸ ಕಂಬ, ಹೊಸ ತಂತಿ. ಅವನ ಅಂಗೈ ಹರಿದು ರಕ್ತ ಬಂತೇ ಹೊರತು ತಂತಿ ಜಗ್ಗಲಿಲ್ಲ. ಮತ್ತೆ ತಿರುಗಿ ರಸ್ತೆಗೆ ಬಂದೆವು.

ನಾನು ಎಣಿಸುತ್ತಿದ್ದೆ. ಬೇಡವೆಂದರೂ ಎಣಿಕೆ ನಿಲ್ಲುತ್ತಿರಲಿಲ್ಲ. ಏಳನೆಯ ನೋವಿಗೆ ಸೇತುವೆ. ಒಂಬತ್ತನೆಯದಕ್ಕೆ ತಿರುವಿನಲ್ಲಿ ಲಾರಿ ಬಂತು. ಹೊತ್ತವರು ಚರಂಡಿಗೆ ಇಳಿಯಬೇಕಾಯಿತು, ಕುರ್ಚಿ ವಾಲಿತು, ಚೆನ್ನಿ ಕಿರುಚಿದಳು. ಲಾರಿ ಡ್ರೈವರ್ ನಿಲ್ಲಿಸಿ ಓಡಿಬಂದ, ಟಾರ್ಪಾಲು ಬಿಚ್ಚಿ ತಂದು ಮರಕ್ಕೆ ಕಟ್ಟಿದ. ಅದರ ಕೆಳಗೆ, ರಸ್ತೆಯ ಅಂಚಿನಲ್ಲೇ ಆಕೆಯನ್ನು ಮಲಗಿಸಿದೆವು. ಲಾರಿಗೆ ಎತ್ತಿ ಹಾಕೋಣ ಎಂದು ಅವನು ಹೇಳಿದ. ಆ ಸ್ಥಿತಿಯಲ್ಲಿ ಅಲುಗಿಸಲು ಮುದುಕಿಯರು ಬಿಡಲಿಲ್ಲ.

ಮಳೆಯಲ್ಲಿ ದೂರದಿಂದ ಬೆಲ್ ಕೇಳಿಸಿತು. ನಿಲ್ಲದೆ ಬಾರಿಸುತ್ತಿದ್ದರು. ಚೆನ್ನಿ ಕಣ್ಣು ತೆರೆದು, "ಬಂದ್ರು," ಎಂದಳು. ಅದು ಹದಿನಾಲ್ಕನೆಯ ನೋವು.

ಮಗು ಹುಟ್ಟಿತು. ಉಸಿರಿರಲಿಲ್ಲ. ಗಂಡು. ನರ್ಸಮ್ಮ ಅದರ ಬಾಯೊಳಗೆ ಊದಿದರು, ಬೆನ್ನು ತಟ್ಟಿದರು, ಮತ್ತೆ ಊದಿದರು. ಎಷ್ಟು ಹೊತ್ತು ಎಂದು ಬರೆದಿಲ್ಲ, ಆಗ ನಾನು ಎಣಿಸುವುದನ್ನು ಬಿಟ್ಟಿದ್ದೆ. ಕೊನೆಗೆ ಅವರು ಅದನ್ನು ತಮ್ಮ ಸೆರಗಿನಲ್ಲಿ ಸುತ್ತಿ ಚೆನ್ನಿಯ ಗಂಡನ ಕೈಗೆ ಕೊಟ್ಟರು. ಚೆನ್ನಿಯನ್ನು ಉಳಿಸುವ ಕೆಲಸ ಇನ್ನೂ ಇತ್ತು, ಅದನ್ನು ಮಾಡಿದರು. ಎಲ್ಲ ಮುಗಿದ ಮೇಲೆ ಚರಂಡಿಯ ನೀರಿನಲ್ಲಿ ಕೈ ತೊಳೆದರು. ಎರಡು ಸಲ.

"ಒಂದು ಗಂಟೆ ಮುಂಚೆ ಆಗಿದ್ದರೆ," ಎಂದರು, ಯಾರಿಗೂ ಅಲ್ಲ. ಆಮೇಲೆ ನನ್ನನ್ನು ನೋಡಿದರು. "ಇದನ್ನು ಬರಿ. ಸಮಯದ ಸಮೇತ ಬರಿ. ನೀನು ಬರೆಯದೆ ಇದ್ದರೆ ಇಲ್ಲಿ ಏನೂ ಆಗಿಲ್ಲ ಅಂತಾಗ್ತದೆ."

ಬರೆದೆ. ಈ ಹಾಳೆಗಳಿಗೆ ಅಲ್ಲಿಂದಲೇ ತೆಗೆದುಕೊಂಡಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಚೆನ್ನಿ ಮತ್ತೆ ನಡೆದಾಡತೊಡಗಿದಳು. ಒಂದು ಸಂಜೆ ನಾನು ಮೋರಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ, ಕೈಯಲ್ಲಿ ಪುಸ್ತಕವಿರಲಿಲ್ಲ. ಆಕೆ ಸೌದೆ ಹೊರೆಯ ಅಡಿಯಿಂದ ಕತ್ತನ್ನು ತಿರುಗಿಸಲಾರದೆ ಕಣ್ಣು ಮಾತ್ರ ತಿರುಗಿಸಿ, "ಈಗ ಒಂದೇ ಎಳಿ, ಅಮ್ಮಣ್ಣಿ," ಎಂದು ಹೇಳಿ ಹೋದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

ಸೆಪ್ಟೆಂಬರಿನಲ್ಲಿ ನರ್ಸಮ್ಮನವರಿಗೆ ವರ್ಗವಾಯಿತು, ನೆಲ್ಯಹುದಿಕೇರಿಯ ಕಡೆಗೆ. ಹೊರಡುವ ಮುಂಚಿನ ದಿನ ಕೇರಿಯ ಬಸುರಿಯರನ್ನು ಕೊನೆಯ ಸಲ ನೋಡಲು ಬಂದರು. ಐದು ಮನೆಗೆ ಹೋದರು, ಎರಡು ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ಹಿಂದಿರುಗುವಾಗ ನಾನು ಅವರ ಜೊತೆ ಪೇಟೆಯವರೆಗೆ ನಡೆದೆ. ಅವರು ಸೈಕಲ್ ತಳ್ಳುತ್ತಿದ್ದರು. ನನ್ನನ್ನು ಚರಂಡಿಯ ಕಡೆಗೆ ಬಿಡದೆ ತಾವೇ ಆ ಕಡೆ ನಡೆದರು. ಲಾರಿ ಬಂದಾಗ ಮಾತ್ರ ಬದಲಾಯಿಸಿ ರಸ್ತೆಯ ಕಡೆಗೆ ನಿಂತರು. ಸೇತುವೆಯ ಹತ್ತಿರ ನಾನು ಹೇಳಿದೆ.

"ನಾಳೆ ಯಜಮಾನರಿಗೆ ನಿಜ ಹೇಳಿಬಿಡ್ತೀನಿ, ನರ್ಸಮ್ಮ."

"ಹೇಳಿ? ನನ್ನ ಆರ್ಡರು ಹಿಂದೆ ಹೋಗ್ತದಾ? ನಿನ್ನ ಅಪ್ಪ ಆ ತೋಟದಲ್ಲಿ ಇನ್ನೂ ಇರಬೇಕು. ನೀನು ಈ ಕೇರಿಯಲ್ಲಿ ಇರಬೇಕು. ನಾನು ಎಲ್ಲಿಯಾದರೂ ಇರ್ತೇನೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು. "ಎಣಿಸುವುದನ್ನು ಬಿಡಬೇಡ. ಆದರೆ ಹಾಳೆಯನ್ನು ಯಾರ ಕೈಗೆ ಕೊಡ್ತೀಯ ಅಂತ ಮೊದಲು ನೋಡು."

ನಾನು ಹೇಳಲಿಲ್ಲ. ನಾಳೆ ಎಂದದ್ದು ನಾಳೆಯೇ ಆಗಿ ಉಳಿಯಿತು. ಟ್ರೈನಿಂಗಿನ ಕರೆ ಬಂತು, ಮಡಿಕೇರಿಗೆ ಹೋದೆ. ರಜೆಗೆ ಬಂದಾಗ ಯಜಮಾನರು, "ನಿನ್ ಅಕ್ಷರ ಚೆಂದ ಕಣಮ್ಮ. ಆಯಮ್ಮ ಕೆಡಿಸಿದ್ಲು," ಎಂದರು. ಆಗಲೂ ಹೇಳಲಿಲ್ಲ.

ಅವರು ಹೋಗಿ ಎರಡನೇ ವರ್ಷ, ಬೇಸಿಗೆ ರಜೆಯ ಒಂದು ಶನಿವಾರ, ಹಲಸಿನ ಮರದ ಕೆಳಗೆ ಬಸ್ಸು ಬಂದು ನಿಂತಿತು. ಹತ್ತುವವರು ಯಾರೂ ಇರಲಿಲ್ಲ, ಕೈ ಎತ್ತಿದವರೂ ಇರಲಿಲ್ಲ. ನಾನು ಅಂಗಡಿಯ ಕಡೆಗೆ ಹೋಗುತ್ತಿದ್ದೆ. ಅದೇ ಕಂಡಕ್ಟರ್ ಇಳಿದು ಬಂದ.

"ಅಮ್ಮ, ನಿಮ್ ನರ್ಸಮ್ಮ ಹೋಗ್ಬುಟ್ರಂತೆ. ಹೊಳೆ ಆಚೆ ತೋಟದಲ್ಲಿ ಜ್ವರ ಹಬ್ಬಿತ್ತಂತೆ, ನೋಡಕ್ ಹೋದವ್ರಿಗೆ ಅದೇ ಅಂಟ್ಕಂತಂತೆ. ನಮ್ ಕುಶಾಲನಗರದ ಡ್ರೈವರ್ ಹೇಳ್ದ. ಮೂರ್ ದಿನ ಆಯ್ತು." ಹಲಸಿನ ಮರದ ಕಡೆ ನೋಡಿ, "ನಾನ್ ಆರತಿ ಅಂತ ಅಂದಿದ್ನಲ್ಲ ಅವತ್ತು," ಎಂದ. ಒಳಗೆ ಕೂತವರು ಹೊರಡು ಎಂದು ಕೂಗುವವರೆಗೆ ಅಲ್ಲೇ ನಿಂತಿದ್ದ.

ಮಣ್ಣು ಮಾಡುವಾಗ ಹೊಸ ಬಿಳಿ ಸೀರೆ ಉಡಿಸಿದ್ದರು ಎಂದು ಆಮೇಲೆ ಕೇಳಿದೆ. ಅಂಚು ಬೆಳ್ಳಗಿರುವ ನರ್ಸಮ್ಮನವರನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಆಗಲಿಲ್ಲ.

ಬಸ್ಸು ಈಗಲೂ ಹಲಸಿನ ಮರದ ಬಳಿ ನಿಲ್ಲುತ್ತದೆ. ರಸ್ತೆಗೆ ಅಂಚು ಬಂದಿಲ್ಲ. ಮುಳ್ಳುತಂತಿ ತುಕ್ಕು ಹಿಡಿದಿದೆ, ಆದರೂ ಬಿಗಿಯಾಗಿದೆ. ನನ್ನ ತಂದೆ ಕಳೆದ ತಿಂಗಳು ಕೆಲಸ ಬಿಟ್ಟರು. ಇನ್ನು ಆ ತೋಟದಿಂದ ನಮಗೆ ಆಗಬೇಕಾದದ್ದು ಏನೂ ಇಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲು ಯಜಮಾನರಿಗೆ ಓದಿ ಹೇಳುತ್ತೇನೆ, ಆಮೇಲೆ ಚೆನ್ನಿಗೆ.

ಸಭೆಯ ದಿನದ ಡೈರಿಯ ಪುಟವನ್ನು ನಿನ್ನೆ ತೆಗೆದು ನೋಡಿದೆ. ಮಳೆ, ಸಂಜೆ ನಾಲ್ಕರಿಂದ. ಸೇರಿದವರು ನಲವತ್ತೊಂದು. ಮಾತನಾಡಿದವರು ಏಳು. ಇಷ್ಟನ್ನೇ ಬರೆದು ಕೆಳಗೆ ಗೆರೆ ಎಳೆದಿದ್ದೇನೆ, ಲೆಕ್ಕ ಮುಗಿಯಿತೆಂಬಂತೆ. ಅದೇ ಗೆರೆಯ ಕೆಳಗೆ, ಬೇರೆ ಶಾಯಿಯಲ್ಲಿ, ಇವತ್ತಿನ ತಾರೀಕು ಹಾಕಿ ಸೇರಿಸಿದೆ: ಮಾತನಾಡಬೇಕಾಗಿದ್ದು ಸುಮ್ಮನಿದ್ದವಳು, ಒಬ್ಬಳು.